ಅರ್ಧರ್ಧ ಪಾಸ್‌ವರ್ಡು

ನನ್ನ ಬಾಯಲ್ಲಿ ಮೇಲಿನ ಸಾಲಿನ ಎರಡು ಹಲ್ಲು ಕಟ್ಟಿಸಿದವು. ಹುಟ್ಟಾ ಬಂದ ಹಲ್ಲುಗಳು ಮದ್ದೂರಿನ ಒಂದು ಮನೆಯ ಪಡಸಾಲೆಯಲ್ಲಿ ಉದುರಿ ಯಾರದೋ ಪೊರಕೆಯ ಪಾಲಾದವು. ಕುಡಿದು ಬಿದ್ದದ್ದಲ್ಲ, ಬೈಕಿನಿಂದ ಬಿದ್ದದ್ದೂ ಅಲ್ಲ. ಕಂಪ್ಯೂಟರಿನ ಒಂದು ಗ್ರೂಪಿಗೆ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ವಿಚಾರದಲ್ಲಿ ಹೋದವು. ಹೇಳಿದರೆ ಜನ ನಗುತ್ತಾರೆ. ನಗಲಿ, ಹಲ್ಲು ಅವರದಲ್ಲವಲ್ಲ.

ನಾನು ಮಂಡ್ಯದವನು. ಅಪ್ಪ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದರು. ನಾನು ಅದೇ ಅಂಗಡಿಯ ಅರ್ಧಕ್ಕೆ ಗಾಜಿನ ಬಾಗಿಲು ಹಾಕಿಸಿ ಕಂಪ್ಯೂಟರ್ ಕೆಲಸಕ್ಕೆ ಕೂತೆ. ಹಳ್ಳಿಯವರ ಬಾಯಲ್ಲಿ ಅಪ್ಪನೂ ಸಾಬ್ರು, ನಾನೂ ಸಾಬ್ರು. ಒಂದೇ ಯಂತ್ರವನ್ನು ಹತ್ತಾರು ಜನ ಬಳಸುವ ಕಡೆಗಳಲ್ಲಿ ಯಾರು ಏನನ್ನು ಮುಟ್ಟಬಹುದು, ಯಾರು ಬರೀ ನೋಡಬಹುದು ಎಂದು ಗೊತ್ತುಮಾಡಿ ಕೊಡುವುದು ನನ್ನ ಕಸುಬು. ಅಪ್ಪನ ಸಿಟ್ಟು ನನಗೂ ಬಂದಿದೆ. ಅವರು ಸಿಟ್ಟು ಬಂದಾಗ ಸ್ಪ್ಯಾನರ್ ಎಸೆಯುತ್ತಿದ್ದರು, ನನ್ನ ಕೈಯಲ್ಲಿ ಸ್ಪ್ಯಾನರ್ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮದ್ದೂರಿನ ಆ ಮನೆಯವರದು ಚಾಕಿ ಸಾಕಾಣಿಕೆ. ಅಂದರೆ ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ ರೈತರಿಗೆ ಕೊಡುವುದು. ಪೊರೆ ಬಿಡುವ ಮೊದಲು ಹುಳು ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೇ ಜ್ವರ ಎನ್ನುವುದು. ತಿನ್ನುವ ಹೊತ್ತಿನಲ್ಲಿ ಕೋಣೆ ಬೆಚ್ಚಗೆ, ತೇವವಾಗಿ ಇರಬೇಕು. ಜ್ವರಕ್ಕೆ ಕೂತಾಗ ತೇವ ಇಳಿಯಬೇಕು. ಇಳಿಯದಿದ್ದರೆ ಹಾಸಿಗೆ ಕೊಳೆತು, ಸುಣ್ಣಕಟ್ಟು ರೋಗ ಹತ್ತಿ, ಹುಳು ಬಿಳಿ ಕಡ್ಡಿಯಾಗಿ ಸಾಯುತ್ತದೆ. ಅವರಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಒಂದೊಂದು ಸಾಕುವ ಕೋಣೆ ಇತ್ತು. ಮೂರೂ ಕೋಣೆಗಳ ಬಿಸಿ ಮತ್ತು ತೇವವನ್ನು ನಡೆಸುವ ಕಂಪ್ಯೂಟರ್ ಮದ್ದೂರಿನ ಮನೆಯ ಪಡಸಾಲೆಯಲ್ಲಿತ್ತು. ಅದಕ್ಕೆ ಜೋಡಿಸಿದ ಒಂದೊಂದು ತೆರೆ, ಕೀಬೋರ್ಡು ಕೋಣೆಗಳಲ್ಲೂ ಇದ್ದವು.

ಕೆಲಸ ಮಾಡುವ ಎಲ್ಲರಿಗೂ ಅವರವರ ಹೆಸರು, ಅವರವರ ಪಾಸ್‌ವರ್ಡು ಮಾಡಿಕೊಟ್ಟಿದ್ದೆ. ಅದರಿಂದ ಒಳಗೆ ಹೋದರೆ ಕೋಣೆಯ ಅಂಕಿಗಳನ್ನು ನೋಡಬಹುದಿತ್ತು. ಬದಲಾಯಿಸಬೇಕಾದರೆ ಮಾತ್ರ ‘ಚಾಕಿ’ ಎಂಬ ಗ್ರೂಪಿನಲ್ಲಿ ಇರಬೇಕು. ಗ್ರೂಪಿನಲ್ಲಿ ಹೆಸರಿದ್ದವರನ್ನು ಯಂತ್ರ ಏನೂ ಕೇಳುವುದಿಲ್ಲ. ಹೆಸರಿಲ್ಲದವರೂ ಗ್ರೂಪಿನ ಪಾಸ್‌ವರ್ಡು ಗೊತ್ತಿದ್ದರೆ ಆ ಹೊತ್ತಿನ ಮಟ್ಟಿಗೆ ಒಳಗೆ ಬರಬಹುದು. ಈ ಗ್ರೂಪ್ ಪಾಸ್‌ವರ್ಡು ಎಂಬುದನ್ನು ಕಂಡುಹಿಡಿದ ಪುಣ್ಯಾತ್ಮ ನಮ್ಮ ಕಡೆಯ ನೆಂಟಸ್ತಿಕೆ ನೋಡಿದವನಲ್ಲ. ಬಾಮೈದ ಕೇಳಿದಾಗ ಹೇಳುವುದಿಲ್ಲ ಎನ್ನುವ ಗಂಡಸು ಮಂಡ್ಯ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹೇಳದಿದ್ದರೆ ಅವಮಾನ, ಮುಂದಿನ ಹಬ್ಬಕ್ಕೆ ಹೆಂಡತಿ ತವರಿಗೆ ಹೋದವಳು ಬರುವುದಿಲ್ಲ. ಹಾಗಾಗಿ ಗುಟ್ಟು ಬಾಮೈದನಿಗೆ ಹೋಗಿ, ಅವನಿಂದ ಷಡ್ಡಕನಿಗೆ ಹೋಗಿ, ಸೊಪ್ಪು ತರುವ ಆಟೋದವನವರೆಗೂ ತಲುಪಿತ್ತು.

ಆ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಮದ್ದೂರಿನ ಕೋಣೆ ದೊಡ್ಡವನದು, ಮಂಡ್ಯದ ಕೋಣೆ ಚಿಕ್ಕವನದು. ಇಬ್ಬರಿಗೂ ಹಿರಿಯಳಾದ ಅಕ್ಕನನ್ನು ಕೆರಗೋಡಿನ ಕಡೆಗೆ ಕೊಟ್ಟಿದ್ದರು. ಗಂಡ ಹಗ್ಗ ಸಿಕ್ಕರೆ ಹಗ್ಗದಲ್ಲಿ, ಸೌದೆ ಸಿಕ್ಕರೆ ಸೌದೆಯಲ್ಲಿ ಹೊಡೆಯುವವನು. ಒಂದು ಸಲ ಬಾಗಿಲ ಸಂದಿಯಲ್ಲಿ ಇವರ ಕೈಯಿಟ್ಟು ಬಾಗಿಲು ತಳ್ಳಿದ. ಅವರ ಎಡ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿತ್ತು. ತವರಿಗೆ ಬಂದವರು ಮಳವಳ್ಳಿಯ ಕೋಣೆಯಲ್ಲಿ ಹುಳು ಸಾಕುತ್ತಾ ಅಲ್ಲೇ ಒಂದು ಮೂಲೆಯಲ್ಲಿ ಅಡುಗೆ ಮಾಡಿಕೊಂಡಿದ್ದರು. ನಾನೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಅಣ್ಣತಮ್ಮಂದಿರಿಗೆ ಹಿತ್ತಲ ಗೋಡೆಯ ವಿಷಯಕ್ಕೆ ಮಾತು ಬಿಟ್ಟುಹೋಗಿತ್ತು. ಹಾಗಿರುವಾಗ ಯಾರೋ ಒಬ್ಬರು ಗ್ರೂಪಿನ ಪಾಸ್‌ವರ್ಡು ಹಾಕಿ ಒಳಹೊಕ್ಕು ಮಂಡ್ಯದ ಕೋಣೆಯ ಬಿಸಿ ಏರಿಸಿಬಿಟ್ಟರು. ಬೆಳಗ್ಗೆ ಬಾಗಿಲು ತೆಗೆದರೆ ತಟ್ಟೆ ತಟ್ಟೆಯೂ ಬೆಂದುಹೋಗಿತ್ತು. ಅಣ್ಣನ ಬಾಮೈದನದೇ ಕೆಲಸ ಎಂದು ತಮ್ಮ ಗುದ್ದಲಿಯ ಕಾವು ಹಿಡಿದು ಮದ್ದೂರಿಗೆ ಬಂದು ಅಣ್ಣನ ತಲೆ ಒಡೆದ. ಅಣ್ಣನ ಕಡೆಯವರು ತಮ್ಮನ ಕಾರಿನ ಗಾಜು ಪುಡಿ ಮಾಡಿ, ಕೋಣೆಯ ತಂತಿಗಳನ್ನು ಕಿತ್ತು ಚೆಲ್ಲಿ ಬಂದರು. ಇನ್ನು ಹೆಣ ಬೀಳುವುದೊಂದು ಬಾಕಿ ಎಂದಾಗ ಊರಿನ ಹಿರಿಯರು ನ್ಯಾಯಕ್ಕೆ ಕೂತರು. ನನ್ನನ್ನೂ ಕರೆಸಿದರು.

ತಂತಿ ಕೀಳದಂತೆ ಮೂರೂ ಕಡೆಯ ಸ್ವಿಚ್ಚಿನ ಪೆಟ್ಟಿಗೆಗೆ ಕಬ್ಬಿಣದ ಜಾಲರಿ ಹಾಕಿ ವೆಲ್ಡಿಂಗ್ ಮಾಡಿಸುವುದು ಎಂದು ಮೊದಲು ತೀರ್ಮಾನವಾಯಿತು. ಆಮೇಲೆ ಗ್ರೂಪಿನ ಮಾತು. ವಾಟ್ಸಾಪಿನಲ್ಲಿ ಪಳಗಿದ ಒಬ್ಬರು ಇಬ್ಬರನ್ನೂ ಅಡ್ಮಿನ್ ಮಾಡಿಬಿಡಿ ಎಂದರು. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಇಬ್ಬರೂ ಅಡ್ಮಿನ್ ಆಗಿದ್ದೇ ಒಬ್ಬರನ್ನೊಬ್ಬರು ತೆಗೆದುಹಾಕಿದ್ದು ನೆನಪಾಗಿ ಆ ಮಾತು ಅಲ್ಲಿಗೇ ನಿಂತಿತು. ಆಗ ಎಲ್ಲರಿಗಿಂತ ಹಿರಿಯರಾದ ಯಜಮಾನರು ಬಾಯಿ ಬಿಟ್ಟರು.

“ದೇವಸ್ತಾನದ್ ಉಂಡಿಗೆ ಎರಡು ಬೀಗ ಆಕಲ್ವಾ ಸಾಬ್ರೇ? ಒಂದ್ ಕೀ ಪೂಜಾರಪ್ಪನತ್ರ, ಒಂದ್ ಕೀ ಯಜಮಾನ್ನತ್ರ. ಇದ್ನೂ ಅಂಗೇ ಮಾಡ್ಬುಡಿ. ಅರ್ಧ ಅವ್ನಿಗೆ, ಅರ್ಧ ಇವ್ನಿಗೆ.”

ಅದು ಪಾಸ್‌ವರ್ಡು, ಒಡೆದು ಹಂಚಲು ತೆಂಗಿನಕಾಯಿಯಲ್ಲ ಎಂದು ನಾನು ಸಿಟ್ಟಿನಲ್ಲೇ ಹೇಳಿದೆ. ಕೇಳುವವರು ಯಾರು? ಜಗಲಿಯಲ್ಲಿ ಕೂತವರೆಲ್ಲ ತಲೆದೂಗುತ್ತಿದ್ದರು. ಮಾಡಿದೆ. ಗ್ರೂಪಿನಿಂದ ಎಲ್ಲರ ಹೆಸರನ್ನೂ ತೆಗೆದು ಖಾಲಿ ಮಾಡಿ, ದೊಡ್ಡವನು ಒಂದು ಅರ್ಧ ಒತ್ತಿ ಪಕ್ಕಕ್ಕೆ ಸರಿದ ಮೇಲೆ ಚಿಕ್ಕವನು ಇನ್ನೊಂದು ಅರ್ಧ ಒತ್ತುವ ಹಾಗೆ ಪಾಸ್‌ವರ್ಡು ಇಡಿಸಿದೆ. ಒತ್ತುವಾಗ ತೆರೆಯ ಮೇಲೆ ಅಕ್ಷರವೂ ಕಾಣುವುದಿಲ್ಲ, ಚುಕ್ಕಿಯೂ ಬೀಳುವುದಿಲ್ಲ. ಅದು ನೋಡಿ ಹಿರಿಯರಿಗೆ ಬಹಳ ಸಂತೋಷವಾಯಿತು.

ಇವರಿಬ್ಬರೂ ಇಲ್ಲದೆ ನಿಮ್ಮ ಕೈಯಲ್ಲಿ ಒಳಗೆ ಹೋಗಲು ಆಗುತ್ತದೆಯೇ ಎಂದು ಯಜಮಾನರು ಕೇಳಿದರು. ಇಡೀ ಯಂತ್ರದ ಮೂಲ ಪಾಸ್‌ವರ್ಡು ನನ್ನ ಬಳಿ ಇದೆ, ಅದಿದ್ದವನಿಗೆ ಯಾವ ಗ್ರೂಪೂ ಅಡ್ಡ ಬರುವುದಿಲ್ಲ ಎಂದು ನಿಜ ಹೇಳಿದೆ. ಅಣ್ಣತಮ್ಮಂದಿರು ಮುತ್ತತ್ತಿಯ ಆಂಜನೇಯನ ಹೆಸರಿನಲ್ಲಿ ಕರ್ಪೂರ ಮುಟ್ಟಿ ಆಣೆ ಮಾಡಿದರು. ನನ್ನಿಂದ ನನ್ನ ದೇವರ ಮೇಲೆ ಆಣೆ ಮಾಡಿಸಿದರು: ಇಬ್ಬರೂ ಒಪ್ಪದೆ ಆ ಗ್ರೂಪನ್ನು ಮುಟ್ಟುವುದಿಲ್ಲ.

ಎದ್ದು ಹೋಗುವ ಮುಂಚೆ ಅಕ್ಕನ ವಿಷಯವೂ ಇತ್ಯರ್ಥವಾಯಿತು. ಅಕ್ಕನನ್ನು ಯಾರೂ ಕರೆದಿರಲಿಲ್ಲ. ಮಳವಳ್ಳಿಯಲ್ಲಿ ಈಗ ಮಾಡುತ್ತಿರುವ ಬೆಳೆಯ ಹುಳು ಚೆನ್ನಾಗಿ ಎದ್ದು ರೈತರ ಕೈ ಸೇರಿದರೆ ಆ ಕೋಣೆ ಇನ್ನು ಮುಂದೆ ಅವರ ಸುಪರ್ದು. ಹುಳು ಹೋದರೆ, ಕೈಲಾಗದ ಕೆಲಸ ಬಿಟ್ಟು ಕೆರಗೋಡಿಗೆ ಗಂಡನ ಬಳಿಗೆ ಹೋಗತಕ್ಕದ್ದು. ಆ ಗಂಡನಿಗೆ ಬುದ್ಧಿ ಹೇಳುತ್ತೇವೆ ಎಂದರು. ಹೆಂಡತಿಯ ಕೈಯನ್ನು ಬಾಗಿಲ ಸಂದಿಗಿಟ್ಟವನಿಗೆ ಬುದ್ಧಿ ಹೇಳುವವರ ಮುಖಗಳನ್ನು ಒಬ್ಬೊಬ್ಬರದಾಗಿ ನೋಡಿದೆ. ನನ್ನ ಮಾತು ಅಲ್ಲಿ ನಡೆಯುವ ಹಾಗಿರಲಿಲ್ಲ.

ಅಲ್ಲಿಂದ ಪ್ರತಿ ಬದಲಾವಣೆಗೂ ಇಬ್ಬರೂ ಆ ಯಂತ್ರದ ಮುಂದೆ ಭುಜಕ್ಕೆ ಭುಜ ತಾಗುವ ಹಾಗೆ ನಿಲ್ಲಬೇಕಾಯಿತು. ಒಬ್ಬರ ಉಸಿರು ಒಬ್ಬರಿಗೆ ಸೋಕಬಾರದೆಂದು ಇದ್ದವರನ್ನು ನಾವೇ ಜೊತೆಗೆ ಕಟ್ಟಿಹಾಕಿದ್ದೆವು. ದೊಡ್ಡವನು ಒತ್ತಿ ಸರಿಯುವಾಗ ಬೇಕೆಂದೇ ತಮ್ಮನ ಕಾಲು ತುಳಿಯುತ್ತಿದ್ದನಂತೆ. ಚಿಕ್ಕವನು ಅಣ್ಣ ಮುಟ್ಟಿದ ಕೀಬೋರ್ಡನ್ನು ಟವೆಲಿನಲ್ಲಿ ಒರೆಸಿ ಆಮೇಲೆ ಒತ್ತುತ್ತಿದ್ದನಂತೆ.

ಯುಗಾದಿ ಕಳೆದ ಬಿಸಿಲು. ಕರೆಂಟು ಹೋಗಿ ಬಂದು ಯುಪಿಎಸ್ಸಿನ ಬ್ಯಾಟರಿ ಸತ್ತಿತ್ತು. ಅದನ್ನು ಬದಲಾಯಿಸಲು ನಾನು ಮದ್ದೂರಿಗೆ ಬಂದು ಪಡಸಾಲೆಯಲ್ಲಿ ಕೂತಿದ್ದೆ. ಅಷ್ಟರಲ್ಲಿ ಮಳವಳ್ಳಿಯಿಂದ ಅಕ್ಕನ ಫೋನು ಬಂತು. ಹುಳು ಎರಡನೇ ಜ್ವರಕ್ಕೆ ಕೂತಿವೆ, ಯಂತ್ರ ಇನ್ನೂ ತೇವ ಉಗುಳುತ್ತಲೇ ಇದೆ, ತಮ್ಮಂದಿರಿಗೆ ಬೆಳಗಿನಿಂದ ಹೇಳುತ್ತಿದ್ದೇನೆ ಎಂದರು. ಪೆಟ್ಟಿಗೆಗೆ ಜಾಲರಿ ಬೆಸೆದಿತ್ತು. ಮೇನ್ ಆರಿಸಿದರೆ ಗಾಳಿಯೂ ನಿಂತು ಹುಳು ಉಸಿರುಗಟ್ಟುತ್ತವೆ. ಕಿಟಕಿ ತೆಗೆದರೆ ಊಜಿ ನೊಣ ಒಳಗೆ ಬಂದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಅಲ್ಲಿನ ತೆರೆಯ ಮೇಲೆ ಅಂಕಿ ಏರುವುದನ್ನು ಅಕ್ಕ ನೋಡಬಹುದಿತ್ತು, ಮುಟ್ಟುವ ಹಾಗಿರಲಿಲ್ಲ.

ನಾನೇ ಚಿಕ್ಕವನಿಗೆ ಫೋನು ಮಾಡಿ, ಒಳಗಿದ್ದ ದೊಡ್ಡವನನ್ನು ಕೂಗಿ, ಇಬ್ಬರಿಗೂ ಬೈದೆ. ಚಿಕ್ಕವನು ಮಂಡ್ಯದಿಂದ ಬಂದ. ದೊಡ್ಡವನು ಒಳಗಿನಿಂದ ಎದ್ದು ಬಂದ. ನಾನು ಅಕ್ಕನಿಗೆ ಮತ್ತೆ ಫೋನು ಮಾಡಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ. ದೊಡ್ಡವನು ತನ್ನ ಅರ್ಧ ಒತ್ತಿದ, ಚಿಕ್ಕವನು ತನ್ನದನ್ನು ಒತ್ತಿದ. ಪಾಸ್‌ವರ್ಡು ತಪ್ಪು ಎಂದಿತು. ಮತ್ತೆ ಒತ್ತಿದರು. ಮತ್ತೆ ತಪ್ಪು. ಯಾರ ಅರ್ಧ ತಪ್ಪು ಎಂದು ಯಂತ್ರ ಹೇಳುವುದಿಲ್ಲ.

“ಬೇಕಂತ್ಲೇ ತಪ್ಪು ಒತ್ತುದ್ಯಲ್ಲಾ ನೀನು” ಎಂದ ಚಿಕ್ಕವನು.

ದೊಡ್ಡವನು ಪ್ಲಾಸ್ಟಿಕ್ ಕುರ್ಚಿ ಎತ್ತಿ ತಮ್ಮನ ಮುಖಕ್ಕೆ ಬೀಸಿದ. ಕುರ್ಚಿಯ ಕಾಲು ಮುರಿದು ಕೆನ್ನೆಯಲ್ಲಿ ಗೀರಿತು. ಚಿಕ್ಕವನು ಓಡಿದ, ಹೋದ ಪೀಡೆ ಎಂದುಕೊಂಡೆ. ಹೋದವನು ಜಗಲಿಯಲ್ಲಿದ್ದ ಎಳನೀರು ಕೆತ್ತುವ ಮಚ್ಚು ತಂದ. ನಾನು ನಡುವೆ ನುಗ್ಗಿ ಅವನ ಕೈ ಹಿಡಿಯುವಷ್ಟರಲ್ಲಿ ಮಚ್ಚು ಅಣ್ಣನ ಭುಜಕ್ಕೆ ಇಳಿದಿತ್ತು. ರಕ್ತ ಕೀಬೋರ್ಡಿನ ಮೇಲೆ ಸುರಿಯಿತು. ಆ ಗಾಯದಲ್ಲೇ ಅವನು ತಮ್ಮನ ಕುತ್ತಿಗೆ ಹಿಡಿದು ತಲೆಯನ್ನು ಗೋಡೆಗೆ ಚಚ್ಚತೊಡಗಿದ. ಮಚ್ಚು ನೆಲಕ್ಕೆ ಬಿತ್ತು. ನಾನು ಅದನ್ನು ಕಾಲಿನಿಂದ ಮಂಚದ ಕೆಳಗೆ ಒದ್ದೆ. ಇಬ್ಬರೂ ಉರುಳಿಕೊಂಡು, ಕಚ್ಚಿಕೊಂಡು, ಸತ್ತ ತಾಯಿಯ ಹೆಸರು ಹಿಡಿದು ಬೈದುಕೊಂಡು ಅಂಗಳಕ್ಕೆ ಬಿದ್ದರು. ಇಬ್ಬರಿಗೂ ತಾಯಿ ಒಬ್ಬಳೇ ಎಂಬುದು ಆ ಹೊತ್ತಿನಲ್ಲಿ ಮರೆತಿತ್ತು.

ಮೇಜಿನ ಮೇಲೆ ಫೋನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಆಗ ನನ್ನ ಕಣ್ಣು ಕೀಬೋರ್ಡಿನ ಮೇಲೆ ಬಿತ್ತು. ಮೂಲೆಯ ಹಸಿರು ದೀಪ ಉರಿಯುತ್ತಿತ್ತು. ಕ್ಯಾಪ್ಸ್ ಲಾಕ್ ಒತ್ತಿಹೋಗಿ ಸಣ್ಣ ಅಕ್ಷರಗಳೆಲ್ಲ ದೊಡ್ಡವಾಗಿ ಬೀಳುತ್ತಿದ್ದವು. ಇಬ್ಬರೂ ಸರಿಯಾಗಿಯೇ ಒತ್ತಿದ್ದರು. ಬಾಗಿಲಿಗೆ ಹೋಗಿ ಕೂಗಿ ಹೇಳಿದೆ. ಯಾರ ಕಿವಿಗೆ ಬೀಳಬೇಕು?

“ಸಾಬ್ರೇ” ಎಂದರು ಅಕ್ಕ ಫೋನಿನಲ್ಲಿ. ಅಳುತ್ತಿರಲಿಲ್ಲ. “ಅವ್ರು ಸಾಯ್ಲಿ ಬುಡಿ. ಹಾಸ್ಗೆ ಒದ್ದೆ ಆಗೋಯ್ತಾ ಅದೆ. ನಾನು ಕೆರಗೋಡ್ಗೆ ಓದ್ರೆ ಈ ಸಲ ಬದುಕಾಕಿಲ್ಲ.”

ಆಣೆ ನನಗೆ ನೆನಪಿತ್ತು. ಆಣೆ ಎಂದರೆ ನಾನು ಹಗುರವಾಗಿ ತೆಗೆದುಕೊಳ್ಳುವವನಲ್ಲ. ಆದರೆ ಆ ಹೆಂಗಸನ್ನು ಸಾಯಲು ಬಿಟ್ಟು ಉಳಿಸಿಕೊಂಡ ಆಣೆಯನ್ನು ನನ್ನ ದೇವರ ಮುಂದೆ ಯಾವ ಮುಖ ಹೊತ್ತು ತೋರಿಸಲಿ? ಕೂತೆ. ಬೆರಳಿಗೆ ರಕ್ತ ಅಂಟುತ್ತಿತ್ತು. ಕ್ಯಾಪ್ಸ್ ಲಾಕ್ ಆರಿಸಿದೆ. ಮೂಲ ಪಾಸ್‌ವರ್ಡು ಹಾಕಿ ಒಳಹೊಕ್ಕು ಗ್ರೂಪಿನ ಪಾಸ್‌ವರ್ಡನ್ನೇ ಕಿತ್ತುಹಾಕಿದೆ. ಇನ್ನು ಹೆಸರಿದ್ದವರು ಮಾತ್ರ ಒಳಗೆ, ಗುಟ್ಟು ಹೇಳಿ ನುಗ್ಗುವ ದಾರಿ ಇಲ್ಲ. ಆಮೇಲೆ ಅಕ್ಕನ ಹೆಸರನ್ನು ಸೇರಿಸಿದೆ. ಯಾರನ್ನು ಸೇರಿಸಬೇಕು, ಯಾರನ್ನು ತೆಗೆಯಬೇಕು ಎನ್ನುವ ಅಧಿಕಾರವನ್ನೂ ಅವರಿಗೇ ಬರೆದೆ. ಒಂದು ಸಲ ಹೊರಗೆ ಬಂದು ಮತ್ತೆ ಒಳಗೆ ಹೋಗಿ ಎಂದು ಫೋನಿನಲ್ಲಿ ಹೇಳಿದೆ.

“ಬಂತು ಸಾಬ್ರೇ. ಇಳಿಸ್ದೆ” ಎಂದರು.

ಆ ದನಿ ಅಂಗಳಕ್ಕೂ ಕೇಳಿತು. ಹೊಡೆದಾಟ ನಿಂತಿತು. ಇಬ್ಬರೂ ಬಾಗಿಲಲ್ಲಿ ನಿಂತು ನನ್ನನ್ನೂ ತೆರೆಯನ್ನೂ ನೋಡಿದರು. ವರ್ಷದಿಂದ ಬೈಗುಳ ಬಿಟ್ಟು ಬೇರೆ ಮಾತಾಡದಿದ್ದ ಅಣ್ಣ ತಮ್ಮನಿಗೆ ಬಾಗಿಲು ಹಾಕು ಎಂದ, ತಮ್ಮ ಹಾಕಿದ. ಊರ ಹಿರಿಯರ ಕೈಲಾಗದ ರಾಜಿಯನ್ನು ನಾನು ಒಂದು ಗಳಿಗೆಯಲ್ಲಿ ಮಾಡಿಸಿದ್ದೆ. ದೊಡ್ಡವನು ಹಿಂದಿನಿಂದ ನನ್ನ ಕುತ್ತಿಗೆಗೆ ಕೈ ಹಾಕಿ ಅಮುಕಿದ. ಚಿಕ್ಕವನು ಕೀಬೋರ್ಡನ್ನು ತಂತಿಸಮೇತ ಕಿತ್ತು ಅದರ ಅಂಚಿನಿಂದ ನನ್ನ ಬಾಯಿಗೆ ಹೊಡೆದ. ಗುಂಡಿಗಳು ನೆಲದ ಮೇಲೆಲ್ಲ ಚೆಲ್ಲಿದವು, ಅವುಗಳ ನಡುವೆ ನನ್ನ ಹಲ್ಲು. ನಾನೂ ಸುಮ್ಮನಿರುವ ಆಸಾಮಿಯಲ್ಲ. ಉಳಿದ ಹಲ್ಲುಗಳಲ್ಲಿ ದೊಡ್ಡವನ ಬೆರಳು ಸಿಕ್ಕಿದ್ದನ್ನು ಮೂಳೆ ತಾಗುವವರೆಗೆ ಕಚ್ಚಿದೆ. ಆಣೆ ಮುರಿದ ದ್ರೋಹಿ ಎಂದು ಅವನು ಕಿರುಚುತ್ತಿದ್ದ. ಬಾಯಿ ತುಂಬಿದ್ದರಿಂದ ಉತ್ತರ ಕೊಡಲಾಗಲಿಲ್ಲ. ಅಕ್ಕಪಕ್ಕದವರು ಬಾಗಿಲು ಒಡೆದು ಬಿಡಿಸಿದರು.

ಆಸ್ಪತ್ರೆಯಲ್ಲಿ ಮೂವರೂ ಒಂದೇ ಸಾಲಿನ ಮಂಚಗಳಲ್ಲಿ ಮಲಗಿದ್ದೆವು. ಹಿರಿಯರು ಬಂದು ಪೊಲೀಸರತ್ತ ಹೋಗಬೇಡಿ, ಮೊದಲಿದ್ದ ಹಾಗೆ ಮಾಡಿಕೊಡಿ, ಎಲ್ಲ ಸರಿಹೋಗುತ್ತದೆ ಎಂದರು. ನನ್ನ ದವಡೆಗೆ ಪಟ್ಟಿ ಕಟ್ಟಿತ್ತು. ಆಗುವುದಿಲ್ಲ ಎಂದು ತಲೆಯಾಡಿಸಿದೆ. ಯಜಮಾನರು ಎಷ್ಟು ಹೊತ್ತು ಕೂತಿದ್ದರೋ ಅಷ್ಟು ಹೊತ್ತೂ ಆಡಿಸಿದೆ.

ಹುಳು ಜ್ವರದಿಂದ ಎದ್ದು ಬೆಳಕವಾಡಿಯ ರೈತರಿಗೆ ಕೊಡುವ ದಿನ ಅಕ್ಕ ನನ್ನನ್ನು ಕರೆದರು. ಸೊಪ್ಪು ಹಾಕುವ ಇಬ್ಬರು ಹೆಂಗಸರನ್ನು ಗ್ರೂಪಿಗೆ ಸೇರಿಸುವುದು ಹೇಗೆ ಎಂದು ಕಲಿಯಬೇಕಿತ್ತು ಅವರಿಗೆ. ಊದಿದ ಮುಖಕ್ಕೆ ಕರವಸ್ತ್ರ ಸುತ್ತಿಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ. ಒಂದು ಸಲ ತೋರಿಸಿದೆ, ಎರಡನೆಯದನ್ನು ಅವರೇ ಸೇರಿಸಿದರು. ರೈತರು ಹೊರಗೆ ತಟ್ಟೆ ಹಿಡಿದು ನಿಂತಿದ್ದರು. ಹುಳು ಬಿಗಿಯಾಗಿ, ಒಂದೇ ಅಳತೆಯಲ್ಲಿ ಎದ್ದಿದ್ದವು. ಕೆಲವು ತಟ್ಟೆಗಳಲ್ಲಿ ಬಿಳಿ ಕಡ್ಡಿಗಳು ಇದ್ದವು, ಅವನ್ನು ಅಕ್ಕ ಆರಿಸಿ ಬೇರೆ ಇಟ್ಟಿದ್ದರು.

ಆಗ ಕಾರು ಬಂತು. ಚಿಕ್ಕವನು ಓಡಿಸುತ್ತಿದ್ದ, ಪಕ್ಕದಲ್ಲಿ ದೊಡ್ಡವನು ಕೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೂತಿದ್ದ. ಹಿಂದಿನ ಸೀಟಿನಿಂದ ಇಳಿದವನು ಅಕ್ಕನ ಗಂಡ. ಹುಳು ಉಳಿದರೂ ಇವಳು ನ್ಯಾಯ ಮೀರಿ ಒಳಗೆ ಕೈ ಹಾಕಿದಳು, ಇನ್ನು ಇಲ್ಲಿರಬಾರದು ಎಂಬುದು ತಮ್ಮಂದಿರ ತೀರ್ಮಾನ. ಅಂಥ ಸಿಟ್ಟಿಗೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಗಂಡ ಒಳಗೆ ಬಂದು ಅಕ್ಕನ ಜಡೆ ಹಿಡಿದು ಹಣೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ನಾನು ಎದ್ದೆ. ಅವನು ಮೊಣಕೈಯಲ್ಲಿ ನನ್ನ ದವಡೆಗೆ ತಿವಿದ, ಕಣ್ಣು ಕತ್ತಲಿಟ್ಟು ಕೂತುಬಿಟ್ಟೆ. ಎರಡನೇ ಸಲ ಅಪ್ಪಳಿಸಲು ಅವನು ಜಡೆ ಎಳೆದಾಗ ಅಕ್ಕನ ಬಲಗೈಗೆ ಸೊಪ್ಪು ಕತ್ತರಿಸುವ ಕತ್ತಿ ಸಿಕ್ಕಿತು. ಹಿಂತಿರುಗಿ ನೋಡದೆ ಬೀಸಿದರು. ಕತ್ತಿ ಅವನ ಮುಂಗೈಯನ್ನು ಮೊಣಕೈಯವರೆಗೂ ಸೀಳಿತು. ಅವನು ಜಡೆ ಬಿಟ್ಟು ಚೀರಿದ.

“ಇನ್ನೊಂದ್ ಕೈಯೂ ತಾ” ಎಂದರು ಅಕ್ಕ.

ಅವನು ತರಲಿಲ್ಲ. ಬೆಳಕವಾಡಿಯ ರೈತರಲ್ಲಿ ಇಬ್ಬರು ಅವನನ್ನು ರಟ್ಟೆ ಹಿಡಿದು ಹೊರಗೆ ದೂಡಿ ಕಾರಿಗೆ ತುಂಬಿದರು. ಚಿಕ್ಕವನು ಬೆಳ್ಳಗಾಗಿ ಗಾಡಿ ತಿರುಗಿಸಿಕೊಂಡು ಆಸ್ಪತ್ರೆಯ ಕಡೆ ಓಡಿಸಿದ. ದೊಡ್ಡವನು ಇಳಿದವನು ಅಲ್ಲೇ ಉಳಿದುಹೋದ. ಅಕ್ಕ ಬಚ್ಚಲಿಗೆ ಹೋಗಿ ಕೈಯ ರಕ್ತ ತೊಳೆದು, ಔಷಧಿ ನೀರಿನಲ್ಲಿ ಅದ್ದಿ, ಹಣೆಗೆ ಸೆರಗು ಒತ್ತಿಕೊಂಡು ಬಂದು ಹುಳು ಹಂಚಲು ನಿಂತರು. ರಕ್ತದ ಕೈಯಲ್ಲಿ ಹುಳು ಮುಟ್ಟಬಾರದಂತೆ. ರೈತರು ಏನೂ ನಡೆಯದವರ ಹಾಗೆ ಸರದಿಯಲ್ಲಿ ನಿಂತು ತೆಗೆದುಕೊಂಡರು. ಮುಂದಿನ ಬೆಳೆಗೂ ನಿಮ್ಮ ಕೈಯ ಹುಳುವೇ ಬೇಕು, ಬೇರೆಯವರದು ಒಲ್ಲೆವು ಎಂದು ಹೋಗುವವರೆಲ್ಲ ಹೇಳಿ ಹೋದರು. ದೊಡ್ಡವನು ಆ ಮಾತನ್ನು ಗೋಡೆಗೊರಗಿ ಕೇಳುತ್ತಿದ್ದ.

ಎಲ್ಲರೂ ಹೋದ ಮೇಲೆ ಅವನು ಮೆಲ್ಲಗೆ ಬಾಗಿಲಿಗೆ ಬಂದ. ಹೊಸಿಲು ದಾಟಲಿಲ್ಲ.

“ಅಕ್ಕ, ನನ್ ಎಸ್ರು ಸೇರಿಸ್ತೀಯಾ?”

ಅಕ್ಕ ತೆರೆಯ ಮೇಲಿನ ಅಂಕಿ ನೋಡುತ್ತಿದ್ದರು. ಹಣೆಯಿಂದ ರಕ್ತ ಇನ್ನೂ ಹುಬ್ಬಿಗೆ ಇಳಿಯುತ್ತಿತ್ತು. ಅವನ ಕಡೆ ತಿರುಗಿದಾಗ ಬೈಯುತ್ತಾರೆ, ಇಲ್ಲವೇ ಕತ್ತಿ ಎತ್ತುತ್ತಾರೆ ಎಂದು ನಾನು ಮೈ ಬಿಗಿಹಿಡಿದೆ.

“ಮುಂದ್ಲ ಬೆಳೆಗೆ ನೋಡಣ ಕಣ್ಲಾ” ಎಂದರು. “ಈಗ ಆಟೋದಲ್ಲಿ ಸೊಪ್ಪು ಬಂದದೆ. ಓಗು, ಇಳಿಸ್ಕಂಡ್ ಬಾ.”

ಅವನು ಸರಿಯಿದ್ದ ಒಂದು ಕೈಯನ್ನು ನೋಡಿಕೊಂಡ. ಆಮೇಲೆ ಹೋಗಿ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಆ ಒಂದೇ ಕೈಯಲ್ಲಿ ಎಳೆದು ಬೆನ್ನಿಗೆ ಹಾಕಿಕೊಂಡ. ನನಗೆ ಅಳು ಬಂತು, ತಡೆಯಲಿಲ್ಲ. ದವಡೆ ನೋಯುತ್ತಿದೆಯೇ ಎಂದು ಅಕ್ಕ ಕೇಳಿದರು, ಹೌದು ಎಂದೆ.